ಮಲೆನಾಡಿನ ಚಳಿಗೆ ಆಫೀಸಿನ ಬಟ್ಟೆ: ಯಾವುದನ್ನು ಕೊಳ್ಳೋದು, ಯಾವುದನ್ನು ಬಿಡೋದು

ಶಿವಮೊಗ್ಗದ ಚಳಿಗೆ ಆಫೀಸಿನ ಟೈಮಿಂಗ್ ಗೊತ್ತಿಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಬೇಗ ಮನೆ ಬಿಟ್ಟರೆ 15 ಡಿಗ್ರಿ ಆಸುಪಾಸು ಇರುತ್ತದೆ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ 30ರ ಹತ್ತಿರ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳಗಿನ ಚಳಿ ಇನ್ನೂ ಒಂದು ಕೈ ಮೇಲೆ. ಅಲ್ಲಿ ಮಂಜು ಕರಗೋಕೇ ಹೊತ್ತು ಹಿಡಿಯುತ್ತದೆ. ಆದರೆ ಮಧ್ಯಾಹ್ನದ ಬಿಸಿಲು ಅಲ್ಲೂ ಬಿಡುವುದಿಲ್ಲ. ಹೀಗಿರುವಾಗ ಚಳಿಗಾಲದ ಬಟ್ಟೆ ಕೊಳ್ಳುವವರು ಎಷ್ಟು ಬೆಚ್ಚಗಿದೆ ಅಂತ ಆಮೇಲೆ ನೋಡಿದರಾಯಿತು. ಮೊದಲು ಕೇಳಿಕೊಳ್ಳಬೇಕಾದ್ದು: ಹನ್ನೊಂದು ಗಂಟೆಗೆ ಇದನ್ನು ಬಿಚ್ಚಿ ಎಲ್ಲಿಡುತ್ತೇನೆ?

ಕ್ಯಾಪ್ಸೂಲ್ ವಾರ್ಡ್‌ರೋಬ್ ಅನ್ನೋ ಮಾತು ಈಗ ಮೊಬೈಲ್ ತೆಗೆದರೆ ಸಾಕು, ಕಿವಿಗೆ ಬೀಳುತ್ತದೆ. ಹೊಸದೇನೂ ಅಲ್ಲ. 1970ರ ದಶಕದಲ್ಲಿ ಲಂಡನ್ನಿನಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ಸೂಸಿ ಫೋ (Susie Faux) ಅದನ್ನು ಬಳಕೆಗೆ ತಂದರು. 1985ರಲ್ಲಿ ನ್ಯೂಯಾರ್ಕಿನ ಡಿಸೈನರ್ ಡೊನಾ ಕರನ್, ಕೆಲಸಕ್ಕೆ ಹೋಗುವ ಹೆಂಗಸರಿಗಾಗಿ ಏಳೇ ಏಳು ಉಡುಪುಗಳ ಸಂಗ್ರಹ ತಂದಾಗ ಇನ್ನಷ್ಟು ಹರಡಿತು. ಬಟ್ಟೆ ಕಡಿಮೆ ಇರಲಿ, ಆದರೆ ಯಾವುದಕ್ಕೆ ಯಾವುದನ್ನು ಹಾಕಿದರೂ ಹೊಂದಲಿ ಅನ್ನೋದು ಅದರ ತಿರುಳು. ಅಷ್ಟನ್ನು ತಗೊಳ್ಳೋಣ. ಆದರೆ ಅವರ ಚಳಿಗಾಲದ ಪಟ್ಟಿ ನಮಗೆ ಬೇಡ. ಉದ್ದನೆ ಉಣ್ಣೆ ಕೋಟು, ಕುತ್ತಿಗೆ ಮುಚ್ಚುವ ದಪ್ಪ ಸ್ವೆಟರ್, ಮೊಣಕಾಲವರೆಗಿನ ಬೂಟು ಹಾಕಿಕೊಂಡು ಮಧ್ಯಾಹ್ನ ಎರಡಕ್ಕೆ ನೆಹರೂ ರಸ್ತೆಯಲ್ಲಿ ನಡೆದರೆ ಎದುರಿಗೆ ಸಿಕ್ಕವರು ‘ಜ್ವರ ಬಂದಿದೆಯಾ?’ ಅಂತ ಕೇಳುತ್ತಾರೆ.

ದಾರಿಯ ಚಳಿ ಬೇರೆ, ಕುರ್ಚಿಯ ಚಳಿ ಬೇರೆ

ಇಲ್ಲಿ ಆಫೀಸಿಗೆ ಹೋಗುವವರಿಗೆ ಎರಡು ಥರದ ಚಳಿ. ಒಂದು ದಾರಿಯದು. ಭದ್ರಾವತಿಯಿಂದ ಸ್ಕೂಟರ್‌ನಲ್ಲಿ ಶಿವಮೊಗ್ಗಕ್ಕೆ ಬರುವವರು, ಸಾಗರದ ಕಡೆಯಿಂದ ಮುಂಜಾನೆ ಬಸ್ಸು ಹತ್ತುವವರು, ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಬೈಕಿನಲ್ಲಿ ಹೋಗುವವರು ಇದನ್ನು ಬಲ್ಲರು. ಇದು ಗಾಳಿಯ ಚಳಿ. ಎದೆಗೆ, ಬೆರಳಿಗೆ, ಕಿವಿಗೆ ಹೊಡೆಯುತ್ತದೆ. ಅರ್ಧ ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ.

ಇನ್ನೊಂದು ಕೂತಲ್ಲಿನ ಚಳಿ. ಎಸಿ ಇರುವ ಬ್ಯಾಂಕಿನಲ್ಲಿ, ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ, ಕಂಪ್ಯೂಟರ್ ರೂಮಿನಲ್ಲಿ ಇದು ವರ್ಷಪೂರ್ತಿ ಇರುತ್ತದೆ. ಹಳೇ ಕಟ್ಟಡದಲ್ಲಿ ಕೆಲಸ ಮಾಡುವವರಿಗೆ ಬೇರೆ ಥರ. ಎತ್ತರದ ಸೂರು, ರೆಡ್ ಆಕ್ಸೈಡ್ ನೆಲ, ಬಿಸಿಲು ಬೀಳದ ಮೂಲೆಯಲ್ಲಿ ಟೇಬಲ್. ಅಲ್ಲಿ ಪಾದ ಮೊದಲು ತಣ್ಣಗಾಗುತ್ತದೆ.

ಎರಡಕ್ಕೂ ಒಂದೇ ಬಟ್ಟೆ ಹುಡುಕಿದರೆ ಎರಡಕ್ಕೂ ಸರಿಹೋಗದ್ದು ಕೈಗೆ ಬರುತ್ತದೆ. ಗಾಳಿ ತಡೆಯೋ ಜಾಕೆಟ್ ಕುರ್ಚಿಯಲ್ಲಿ ಕೂತಾಗ ಬೆವರು ತರಿಸುತ್ತದೆ. ಕುರ್ಚಿಗೆ ಹಿತವಾದ ಸ್ವೆಟರ್‌ನೊಳಗೆ ಸ್ಕೂಟರ್ ಮೇಲೆ ಗಾಳಿ ಜರಡಿಯಲ್ಲಿ ನೀರು ಹೋದ ಹಾಗೆ ಹೋಗುತ್ತದೆ. ಆದ್ದರಿಂದ ಎರಡು ಪದರ ಬೇರೆ ಬೇರೆಯಾಗಿ ಕೊಳ್ಳಿ. ಎರಡೂ ತೆಳ್ಳಗಿರಲಿ. ಒಂದು ದಪ್ಪನೆಯದಕ್ಕೆ ಕೊಡುವ ದುಡ್ಡಿನಲ್ಲಿ ಹೆಚ್ಚುಕಡಿಮೆ ಎರಡು ತೆಳ್ಳನೆಯವು ಬರುತ್ತವೆ.

ದಾರಿಗೆ: ವಿಂಡ್‌ಚೀಟರ್, ಪಫರ್, ರೆಕ್ಸಿನ್ ಜಾಕೆಟ್

ಪಫರ್ ಅಂದರೆ ಒಳಗೆ ಹತ್ತಿಯ ಥರದ್ದು ತುಂಬಿ, ಅಡ್ಡಡ್ಡ ಹೊಲಿಗೆ ಹಾಕಿದ ಉಬ್ಬಿದ ಜಾಕೆಟ್. ಈಗ ಎಲ್ಲೆಲ್ಲೂ ಅದೇ. ಬೆಚ್ಚಗಿರುತ್ತದೆ, ನಿಜ. ಆದರೆ ಅದು ಹಿಮ ಬೀಳುವ ಊರಿನ ಬಟ್ಟೆ. ದಪ್ಪನೆಯದನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರೆ ಅಲ್ಲಿ ಇನ್ನೊಬ್ಬರು ಕೂತ ಹಾಗೆ ಕಾಣುತ್ತದೆ. ಬ್ಯಾಗಿಗೂ ಹೋಗುವುದಿಲ್ಲ. ತೆಳ್ಳನೆ ಪಫರ್ ಮಡಚಿ ಸಣ್ಣ ಚೀಲಕ್ಕೆ ತುಂಬಬಹುದು. ಅದು ಪರವಾಗಿಲ್ಲ. ಆದರೆ ಮುಳ್ಳುಬೇಲಿಗೋ ಸ್ಕೂಟರಿನ ಕೊಕ್ಕೆಗೋ ಸಿಕ್ಕಿ ಒಂದು ಕಡೆ ಹರಿದರೆ ಒಳಗಿನದೆಲ್ಲ ಹೊರಗೆ ಇಣುಕುತ್ತದೆ.

ರೆಕ್ಸಿನ್ ಜಾಕೆಟ್ ಗಾಳಿಯನ್ನು ಪೂರ್ತಿ ನಿಲ್ಲಿಸುತ್ತದೆ. ಬೈಕಿಗೆ ಗತ್ತು. ನಮ್ಮ ಹವೆಗೆ ಮಾತ್ರ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಬೀರುವಿನೊಳಗೇ ಬೂಷ್ಟು ಹಿಡಿಯುತ್ತದೆ. ಎರಡು ಮೂರು ವರ್ಷಕ್ಕೆ ಮೇಲಿನ ಪದರ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಿಳಿ ಅಂಗಿಗೆ ಕಪ್ಪು ಚೂರು ಅಂಟುತ್ತದೆ. ಅಸಲಿ ಚರ್ಮದ್ದು ಹಾಗೆ ಸುಲಿಯುವುದಿಲ್ಲ, ಬೂಷ್ಟು ಮಾತ್ರ ಅದಕ್ಕೂ ತಪ್ಪಿದ್ದಲ್ಲ. ಬೆಲೆಯೂ ದೂರದ್ದು.

ನನ್ನ ಓಟು ವಿಂಡ್‌ಚೀಟರ್‌ಗೆ. ತೆಳ್ಳನೆ ನೈಲಾನ್ ಅಥವಾ ಪಾಲಿಯೆಸ್ಟರ್, ಒಳಗೆ ಬಲೆಯಂಥ ಲೈನಿಂಗ್, ಮುಂದೆ ಜಿಪ್ಪು. ತಾನೇ ಅಷ್ಟೇನೂ ಬೆಚ್ಚಗಿರುವುದಿಲ್ಲ. ಆದರೆ ಒಳಗಿನ ಸ್ವೆಟರ್ ಹಿಡಿದಿಟ್ಟ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುವುದಿಲ್ಲ. ಇಬ್ಬನಿಯ ಹನಿ ಮೇಲೇ ನಿಂತು ಜಾರಿಹೋಗುತ್ತದೆ. ಆಫೀಸಿಗೆ ಬಂದ ಮೇಲೆ ಸುತ್ತಿ ಸ್ಕೂಟರಿನ ಡಿಕ್ಕಿಗೆ ಹಾಕಿದರೆ ಮುಗಿಯಿತು. ಜೂನ್‌ನಲ್ಲಿ ಜಿಟಿಜಿಟಿ ಮಳೆಗೂ ಅದೇ ಆಗುತ್ತದೆ.

ಕೊಳ್ಳುವಾಗ ಮೂರು ಕಡೆ ಕೈ ಹಾಕಿ ನೋಡಿ. ಮಣಿಕಟ್ಟಿನಲ್ಲಿ ಎಲಾಸ್ಟಿಕ್ಕೋ ಅಂಟುಪಟ್ಟಿಯೋ ಇರಬೇಕು, ಇಲ್ಲದಿದ್ದರೆ ತೋಳಿನೊಳಗಿಂದ ಗಾಳಿ ಕಂಕುಳವರೆಗೆ ಹೋಗುತ್ತದೆ. ಕಾಲರ್ ಗದ್ದದ ಕೆಳಗಿನವರೆಗೆ ಜಿಪ್ಪಾಗಬೇಕು. ಜಿಪ್ಪಿನ ಹಿಂದೆ ಎರಡು ಬೆರಳಗಲದ ಪಟ್ಟಿ ಇರಬೇಕು. ಗಾಳಿ ನುಗ್ಗುವುದೇ ಜಿಪ್ಪಿನ ಹಲ್ಲುಗಳ ಸಂದಿಯಲ್ಲಿ. ಆ ಪಟ್ಟಿ ಇಲ್ಲದ್ದಕ್ಕೇ ಅಲ್ವಾ, ಎಷ್ಟೋ ಜನ ಜಾಕೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ಬೈಕ್ ಓಡಿಸೋದು?

ಸೀರೆ ಉಡುವವರು ಒಂದು ಅಳತೆ ದೊಡ್ಡದು ತಗೊಳ್ಳಿ. ಸೆರಗು, ನೆರಿಗೆ ಒತ್ತಿಹೋಗಬಾರದು. ಬಸ್ಸಿನಲ್ಲಿ ಹೋಗುವವರಿಗೆ ವಿಂಡ್‌ಚೀಟರ್ ಬೇಕೇಬೇಕು ಅಂತಿಲ್ಲ. ಕಿಟಕಿ ಪಕ್ಕ ಕೂರದಿದ್ದರೆ ಶಾಲು ಸಾಕು.

ಕುರ್ಚಿಗೆ: ಕಾರ್ಡಿಗನ್, ತೋಳಿಲ್ಲದ ಸ್ವೆಟರ್, ಬ್ಲೇಜರ್, ಶಾಲು

ಇಡೀ ದಿನ ಜನ ನೋಡುವುದು ಈ ಪದರವನ್ನು. ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ.

ತಲೆಯ ಮೇಲಿಂದ ಹಾಕಿಕೊಳ್ಳುವ ಸ್ವೆಟರನ್ನು ಮೊದಲೇ ಬದಿಗಿಡುತ್ತೇನೆ. ಕಾರಣ ಬಿಚ್ಚುವಾಗ ಗೊತ್ತಾಗುತ್ತದೆ. ಕನ್ನಡಕ ತೆಗೆಯಬೇಕು, ಕೂದಲು ಕೆದರುತ್ತದೆ, ಅಂಗಿ ಮೇಲೆ ಬರುತ್ತದೆ, ಕೊರಳಿನ ಐಡಿ ಕಾರ್ಡಿನ ದಾರ ಸಿಕ್ಕಿಕೊಳ್ಳುತ್ತದೆ. ಅಕ್ರಿಲಿಕ್, ಅಂದರೆ ಉಣ್ಣೆಯಂತೆ ಕಾಣುವ ಕೃತಕ ನೂಲು, ಆದರೆ ಚಟಪಟ ಅಂತ ಕಿಡಿ ಬೇರೆ. ಇಷ್ಟು ಫಜೀತಿ ಆಫೀಸಿನ ನಡುಮನೆಯಲ್ಲಿ ಯಾರಿಗೆ ಬೇಕು? ಭಾನುವಾರಕ್ಕೆ ಇರಲಿ.

ಮುಂದೆ ಗುಂಡಿ ಇರುವ ಕಾರ್ಡಿಗನ್ ಇಲ್ಲಿಗೆ ಹೇಳಿ ಮಾಡಿಸಿದ್ದು. ಚಳಿ ಇದ್ದಾಗ ಪೂರ್ತಿ ಹಾಕಿ, ಹತ್ತು ಗಂಟೆಗೆ ಗುಂಡಿ ಬಿಚ್ಚಿ, ಹನ್ನೊಂದಕ್ಕೆ ಕುರ್ಚಿಗೆ ಹಾಕಿ. ಮೂರು ಹಂತ ಸಿಗುತ್ತದೆ. ಕಂಠ ಇಂಗ್ಲಿಷಿನ ವಿ ಆಕಾರದಲ್ಲಿದ್ದರೆ ಗಂಡಸರ ಅಂಗಿಯ ಕಾಲರ್, ಹೆಂಗಸರ ಕುರ್ತಾದ ಕುತ್ತಿಗೆ ಎರಡೂ ಚೆನ್ನಾಗಿ ಕೂರುತ್ತದೆ. ಉದ್ದ ಮುಖ್ಯ. ಚೂಡಿದಾರಕ್ಕೆ ಸೊಂಟದ ಕೆಳಗೆ ಇಳಿದರೂ ನಡೆಯುತ್ತದೆ. ಸೀರೆಗೆ ಮಾತ್ರ ಸೊಂಟಕ್ಕೇ ನಿಲ್ಲುವ ಗಿಡ್ಡನೆಯದು ಬೇಕು.

ಸೀರೆ ಮತ್ತು ಸ್ವೆಟರಿನ ಜಗಳ ಹಳೆಯದು. ಮೇಲೆ ಹಾಕಿದರೆ ಸೆರಗು ಮುದುಡಿ ಅಷ್ಟು ಚಂದದ ಅಂಚು ಯಾರಿಗೂ ಕಾಣುವುದಿಲ್ಲ. ಉಪಾಯ ಇದೆ. ರವಿಕೆಯ ಮೇಲೆ ಮೊದಲು ಗಿಡ್ಡ ಕಾರ್ಡಿಗನ್ ಹಾಕಿ ಗುಂಡಿ ಹಾಕಿಕೊಳ್ಳಿ, ಅದರ ಮೇಲೆ ಸೆರಗು ಹೊದ್ದು ಪಿನ್ ಮಾಡಿ. ಕಾರ್ಡಿಗನ್ ಉದ್ದತೋಳಿನ ರವಿಕೆಯ ಥರ ಕಾಣುತ್ತದೆ, ಸೆರಗೂ ನೆಟ್ಟಗೆ ಬೀಳುತ್ತದೆ. ಕಷ್ಟ ಒಂದೇ, ಮಧ್ಯಾಹ್ನ ಬಿಚ್ಚೋದು ಸುಲಭ ಅಲ್ಲ. ಹಾಗಾಗಿ ಇದು ಎಸಿ ಆಫೀಸಿನವರಿಗೆ. ಎಸಿ ಇಲ್ಲದವರು ತುಂಬುತೋಳಿನ ರವಿಕೆ ಒಂದೆರಡು ಹೊಲಿಸಿಕೊಂಡು ಮೇಲೊಂದು ಶಾಲು ಇಟ್ಟುಕೊಳ್ಳಲಿ. ಕಪ್ಪು ಒಂದು, ಕಂದು ಒಂದು ಇದ್ದರೆ ಅರ್ಧ ಬೀರು ಸೀರೆಗೆ ಆಗುತ್ತದೆ.

ತೋಳಿಲ್ಲದ ಸ್ವೆಟರನ್ನು ನಿವೃತ್ತ ಮೇಷ್ಟ್ರುಗಳ ಬಟ್ಟೆ ಅಂತ ಹುಡುಗರು ನಗುತ್ತಾರೆ. ನಗಲಿ. ಎದೆ, ಬೆನ್ನು ಬೆಚ್ಚಗಿರುತ್ತದೆ, ಕೈ ಬಿಡುವಾಗಿರುತ್ತದೆ. ಟೈಪ್ ಮಾಡುವವರಿಗೆ, ದಿನವಿಡೀ ಸೀಲು ಒತ್ತುವವರಿಗೆ, ನೋಟು ಎಣಿಸುವವರಿಗೆ ತೋಳಿನ ತುದಿ ಟೇಬಲ್ಲಿಗೆ ಉಜ್ಜಿ ಕೊಳೆಯಾಗುವ ರಗಳೆ ಇಲ್ಲ. ಎಷ್ಟೋ ಜನ ಸಂಜೆಯವರೆಗೂ ಬಿಚ್ಚುವುದೇ ಇಲ್ಲ. ಅದರದೇ ಪೇಟೆಯ ರೂಪ ನೆಹರೂ ಜಾಕೆಟ್. ಖಾದಿಯದೋ ದಪ್ಪ ಹತ್ತಿಯದೋ ಒಂದಿದ್ದರೆ ಮೀಟಿಂಗಿಗೂ ಆಯಿತು, ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ಜಾತ್ರೆಗೂ ಆಯಿತು. ಗಂಡಸರಿಗೆ ಬ್ಲೇಜರ್ ಬೇಕೋ ನೆಹರೂ ಜಾಕೆಟ್ ಬೇಕೋ ಅಂದರೆ, ಶಿವಮೊಗ್ಗದಲ್ಲಿ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುವುದು.

ಬ್ಲೇಜರ್ ಬೇಡವೇ ಬೇಡ ಅಂತಲ್ಲ. ಗ್ರಾಹಕರನ್ನು, ಬೆಂಗಳೂರಿನಿಂದ ಬರುವ ಮೇಲಿನವರನ್ನು ನೋಡಬೇಕಾದ ಕೆಲಸ ಇದ್ದರೆ ಒಂದು ಇರಲಿ. ಆದರೆ ಒಳಗೆ ಪೂರ್ತಿ ಲೈನಿಂಗ್ ಇರುವ ಪಾಲಿಯೆಸ್ಟರ್ ಬ್ಲೇಜರ್ ಮಧ್ಯಾಹ್ನಕ್ಕೆ ಶಿಕ್ಷೆ. ಭುಜಕ್ಕೆ, ತೋಳಿಗೆ ಮಾತ್ರ ಲೈನಿಂಗ್ ಇಟ್ಟು ಬೆನ್ನು ಬಿಟ್ಟಿರುವುದನ್ನು ಕೇಳಿ. ಟೈಲರ್ ಹತ್ತಿರ ಹೊಲಿಸಿದರೆ ನೀವು ಹೇಳಿದ ಹಾಗೆ ಆಗುತ್ತದೆ. ರೆಡಿಮೇಡ್ ಕೊಂಡರೆ ಭುಜ ಮಾತ್ರ ಸರಿಯಾಗಿ ಕೂರುತ್ತದಾ ನೋಡಿ. ತೋಳಿನ ಉದ್ದ, ಸೊಂಟದ ಸುತ್ತು ಆಮೇಲೆ ಸರಿ ಮಾಡಿಸಬಹುದು, ಭುಜ ಆಗುವುದಿಲ್ಲ. ಸ್ಕೂಟರ್ ಮೇಲೆ ಬ್ಲೇಜರ್ ಹಾಕಿಕೊಂಡು ಬರಬೇಡಿ. ಹಿಂಭಾಗ ಇಸ್ತ್ರಿಯೆಲ್ಲ ಹೋಗಿ ಮುದ್ದೆಯಾಗುತ್ತದೆ. ಆಫೀಸಿನಲ್ಲೇ ಹ್ಯಾಂಗರ್ ಹಾಕಿ ಬಿಡೋದು ವಾಸಿ.

ಶಾಲಿನ ಬಗ್ಗೆ ಗಂಡಸರು ಯೋಚನೆಯನ್ನೇ ಮಾಡುವುದಿಲ್ಲ. ಸನ್ಮಾನಕ್ಕೆ ಹೊದಿಸಿದ ಶಾಲುಗಳು ಮನೆಯಲ್ಲಿ ಗಂಟುಗಟ್ಟಲೆ ಬಿದ್ದಿದ್ದರೂ ಅಷ್ಟೇ. ಅವುಗಳಲ್ಲಿ ಜರಿ ಜಾಸ್ತಿ, ಬಿಸಿ ಕಡಿಮೆ ಅನ್ನೋದೂ ನಿಜ. ಒಳ್ಳೆ ಉಣ್ಣೆಯ ಸಾದಾ ಶಾಲು ಒಂದನ್ನು ಮೇಜಿನ ಡ್ರಾದಲ್ಲಿ ಇಟ್ಟರೆ ಎಸಿಯ ನೇರಕ್ಕೆ ಕೂತವರಿಗೆ ಅದಕ್ಕಿಂತ ಉಪಕಾರಿ ಇನ್ನೊಂದಿಲ್ಲ. ಮೊಣಕಾಲ ಮೇಲೆ, ಬೆನ್ನಿನ ಮೇಲೆ, ಬಸ್ಸಿನಲ್ಲಿ ತಲೆಯ ಮೇಲೆ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದು. ಅಳತೆಯ ತಲೆನೋವೂ ಇಲ್ಲ.

ಉಣ್ಣೆಯೋ, ಅಕ್ರಿಲಿಕ್ಕೋ, ಫ್ಲೀಸೋ

ಅಂಗಡಿಯಲ್ಲಿ ‘ಉಲನ್’ ಅಂತ ಕೊಡುವುದರಲ್ಲಿ ಬಹುಪಾಲು ಅಕ್ರಿಲಿಕ್. ಸುಳ್ಳು ಹೇಳುತ್ತಾರೆ ಅಂತಲ್ಲ, ಹೆಣೆದ ಬೆಚ್ಚನೆ ಬಟ್ಟೆಗೆಲ್ಲ ಉಲನ್ ಅನ್ನೋದೇ ರೂಢಿ. ಒಳಗಿನ ಲೇಬಲ್ ನೋಡಿ. ಅಸಲಿ ಉಣ್ಣೆಯ ಬಟ್ಟೆಯ ಮೇಲೆ ವುಲ್‌ಮಾರ್ಕ್ ಮುದ್ರೆ ಇರಬಹುದು, 1964ರಿಂದ ಬಳಕೆಯಲ್ಲಿರುವ ಗುರುತು ಅದು. ಲೇಬಲ್ ಇಲ್ಲದಿದ್ದರೆ ಹೊಲಿಗೆಯ ಒಳಗಿಂದ ಎರಡು ಎಳೆ ಕಿತ್ತು, ಮನೆಗೆ ತಂದ ಮೇಲೆ, ಕಡ್ಡಿ ಗೀರಿ ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿಯನ್ನು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಕರಿಮಣಿಯಾಗುತ್ತದೆ.

ಉಣ್ಣೆ ಯಾಕೆ ಹಿತ ಅನ್ನೋದಕ್ಕೆ ಕಾರಣ ಇದೆ. ತನ್ನ ತೂಕದ ಶೇ. 30ರಷ್ಟು ತೇವ ಹೀರಿಕೊಂಡರೂ ಅದು ಒದ್ದೆ ಅನ್ನಿಸುವುದಿಲ್ಲ. ಬೆಳಿಗ್ಗೆ ಮಂಜಿನ ತೇವ, ಆಮೇಲೆ ಮೈಯ ಬೆವರು, ಎರಡನ್ನೂ ನುಂಗಿಕೊಳ್ಳುತ್ತದೆ. ಅಕ್ರಿಲಿಕ್ ತೇವ ಹೀರುವುದು ತೀರಾ ಕಡಿಮೆ. ಹಾಗಾಗಿ ಬೆವರು ಒಳಗಿನ ಅಂಗಿಗೇ ಇಳಿಯುತ್ತದೆ, ಮಧ್ಯಾಹ್ನಕ್ಕೆ ವಾಸನೆ ಶುರು. ಉಜ್ಜುವ ಕಡೆ, ಅಂದರೆ ಬ್ಯಾಗಿನ ಪಟ್ಟಿ ಕೂರುವ ಭುಜದಲ್ಲಿ, ಕಂಕುಳಲ್ಲಿ, ಸಣ್ಣ ಸಣ್ಣ ಉಂಡೆ ಏಳುತ್ತದೆ. ಒಂದೇ ಚಳಿಗಾಲಕ್ಕೆ ಹಳತಾಗಿ ಕಾಣುತ್ತದೆ.

ಹಾಗಂತ ಎಲ್ಲರೂ ಉಣ್ಣೆಗೇ ಹೋಗಿ ಅನ್ನಲಾರೆ. ಕೆಲವರ ಮೈಗೆ ಚುಚ್ಚುತ್ತದೆ. ಎಳೆ ದಪ್ಪ ಇದ್ದಷ್ಟೂ ಚುಚ್ಚುವುದು ಜಾಸ್ತಿ. ಚಳ್ಳಕೆರೆ ಕಡೆಯ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಹೋಗುತ್ತಿದ್ದವರಿಗೆ ಅದು ಚೆನ್ನಾಗಿ ಗೊತ್ತು. ಮೆರಿನೋ ಕುರಿಯ ಉಣ್ಣೆ ನವಿರು, ಬೆಲೆಯೂ ಅಷ್ಟೇ ಮೇಲೆ. ಇನ್ನೊಂದು, ಒಗೆಯುವ ತಾಳ್ಮೆ ಬೇಕು. ಮನೆಯಲ್ಲಿ ಎಲ್ಲ ಬಟ್ಟೆ ಒಟ್ಟಿಗೆ ಮಷಿನ್ನಿಗೆ ಹಾಕುವವರಾದರೆ ಉಣ್ಣೆ ಸ್ವೆಟರ್ ಕುಗ್ಗಿ ಮಗುವಿಗೆ ಆಗುವಷ್ಟಾಗುತ್ತದೆ. ಅಂಥವರಿಗೆ ಉಣ್ಣೆ ಮತ್ತು ಅಕ್ರಿಲಿಕ್ ಬೆರೆಸಿದ ಮಿಕ್ಸ್ ನೂಲು ಒಳ್ಳೇದು. ಅರ್ಧಕ್ಕಿಂತ ಹೆಚ್ಚು ಉಣ್ಣೆ ಇದೆಯಾ ನೋಡಿ ತಗೊಳ್ಳಿ, ಅದನ್ನೂ ಆದಷ್ಟು ಕೈಯಲ್ಲೇ ಒಗೆಯಿರಿ. ಶಿವಮೊಗ್ಗ ಪೇಟೆಯಲ್ಲೇ ಮನೆ ಇದ್ದು ಆಫೀಸು ಹತ್ತು ನಿಮಿಷದ ದಾರಿ ಆದರೆ ದಪ್ಪ ಹತ್ತಿಯ ಕಾರ್ಡಿಗನ್ನೇ ಸಾಕು. ಒಗೆಯೋದು ಸುಲಭ, ಚುಚ್ಚುವುದಿಲ್ಲ. ಒಣಗುವುದು ಮಾತ್ರ ನಿಧಾನ.

ಫ್ಲೀಸ್ ಅಂದರೆ ಮೆತ್ತನೆ ಜುಂಗಿನ ಪಾಲಿಯೆಸ್ಟರ್ ಬಟ್ಟೆ. ಹಗುರ, ಬೆಚ್ಚಗೆ, ಬೇಗ ಒಣಗುತ್ತದೆ. ವಿಂಡ್‌ಚೀಟರ್ ಒಳಗೆ ಹಾಕೋಕೆ ಬಹಳ ಒಳ್ಳೇದು. ಆದರೆ ಆಫೀಸಿನಲ್ಲಿ ಅದು ಬೆಳಗಿನ ವಾಕಿಂಗ್ ಮುಗಿಸಿ ಹಾಗೇ ಬಂದವರ ಹಾಗೆ ಕಾಣುತ್ತದೆ. ಸೈಟ್ ಎಂಜಿನಿಯರ್, ಅರಣ್ಯ ಇಲಾಖೆ, ಸರ್ವೆ ಕೆಲಸದವರಿಗೆ ಸರಿ. ಕೌಂಟರಿನಲ್ಲಿ ಕೂರುವವರಿಗೆ ಅಷ್ಟು ಹೊಂದುವುದಿಲ್ಲ.

ಮಲೆನಾಡಿನವರಿಗೆ ಮಾತ್ರ ಬರುವ ಎರಡು ತೊಂದರೆ ಇಲ್ಲಿ ಹೇಳಲೇಬೇಕು. ಒಂದು ಹೊಗೆ. ಬಚ್ಚಲ ಒಲೆಯಲ್ಲಿ ಕಟ್ಟಿಗೆ ಉರಿಸಿ ನೀರು ಕಾಯಿಸುವ ಮನೆಗಳಲ್ಲಿ ಉಣ್ಣೆ ಬಟ್ಟೆಯನ್ನು ಆ ಕಡೆ ನೇತುಹಾಕಬೇಡಿ. ಹತ್ತಿಗಿಂತ ಉಣ್ಣೆ ಹೊಗೆವಾಸನೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಸಿ ರೂಮಿನಲ್ಲಿ ಕಿಟಕಿ ಮುಚ್ಚಿ ಕೂತಾಗ ಇಡೀ ವಿಭಾಗಕ್ಕೇ ನಿಮ್ಮ ಬಚ್ಚಲು ಗೊತ್ತಾಗುತ್ತದೆ. ಇನ್ನೊಂದು ಅಡಿಕೆ. ಚಳಿಗಾಲ ಅಂದರೆ ಕೊಯ್ಲು, ಸುಲಿತದ ಕಾಲ. ಬೆಳಿಗ್ಗೆ ಬೇಯಿಸುವ ಹಂಡೆ ನೋಡಿಕೊಂಡು ಆಮೇಲೆ ಆಫೀಸಿಗೆ ಹೊರಡುವವರು ನಮ್ಮಲ್ಲಿ ಎಷ್ಟೋ ಜನ. ಆಫೀಸಿನ ಸ್ವೆಟರಿನಲ್ಲೇ ಅಂಗಳಕ್ಕೆ ಇಳಿಯಬೇಡಿ. ಅಡಿಕೆ ಬೇಯಿಸಿದ ಕೆಂಪು ರಸ, ಅಂದರೆ ಚೊಗರು, ಬಿದ್ದರೆ ಅದು ಕಲೆ ಅಲ್ಲ, ಬಣ್ಣವೇ. ಯಾವ ಸೋಪಿಗೂ ಜಗ್ಗುವುದಿಲ್ಲ.

ಒಳಗಿನದು

ಚೊಗರಿನ ಇದೇ ಹಟವನ್ನು ಸಾಗರ ತಾಲೂಕಿನ ಹೆಗ್ಗೋಡಿನ ಚರಕ ಸಂಸ್ಥೆ ಒಳ್ಳೇದಕ್ಕೆ ಬಳಸಿಕೊಂಡಿತು. ರಂಗಕರ್ಮಿ ಪ್ರಸನ್ನ ಮುಂದೆ ನಿಂತು ಕಟ್ಟಿದ, ಹೆಂಗಸರೇ ನಡೆಸುವ ಕೈಮಗ್ಗದ ಸಹಕಾರ ಸಂಘ ಅದು. ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕಿದ ಹತ್ತಿ ಬಟ್ಟೆಗೆ ಹೆಸರು ಮಾಡಿದೆ. ಚೊಗರಿನ ಕೆಂಗಂದು ಬಣ್ಣದ ಕುರ್ತಾವೋ ಜುಬ್ಬವೋ ಒಂದಿದ್ದರೆ ಕಪ್ಪು, ಬೂದು, ನೀಲಿ, ಬಿಳಿ ಯಾವುದರ ಜೊತೆಗೂ ಹೋಗುತ್ತದೆ. ಕೈಮಗ್ಗದ ಹತ್ತಿ ಸ್ವಲ್ಪ ದಪ್ಪ ಇರುವುದರಿಂದ ಬೆಳಿಗ್ಗೆ ಆಸರೆ, ಗಾಳಿಯಾಡುವುದರಿಂದ ಮಧ್ಯಾಹ್ನ ಹಿತ. ಮೊದಲ ಕೆಲವು ಸಲ ಬೇರೆಯಾಗಿ ಒಗೆಯಿರಿ, ನೆರಳಲ್ಲಿ ಒಣಗಿಸಿ.

ಒಳಗಿನ ಪದರಕ್ಕೆ ಹತ್ತಿಯನ್ನು ಬಿಟ್ಟು ಬೇರೆ ಕಡೆ ಹೋಗಬೇಡಿ ಅನ್ನುವುದೇ ನನ್ನ ಸಲಹೆ. ಮಧ್ಯಾಹ್ನ ಉಳಿಯೋದು ಇದೊಂದೇ ತಾನೆ? ಕಾರ್ಡುರಾಯ್ ಅಂಗಿ, ಫ್ಲಾನೆಲ್ ಅಂಗಿ ನೋಡೋಕೆ ಚೆಂದ. ಆದರೆ ಅದರ ಮೇಲಿನದನ್ನು ಬಿಚ್ಚಿದ ಮೇಲೂ ಸೆಖೆ ಬಿಡುವುದಿಲ್ಲ, ಅದನ್ನೇ ಬಿಚ್ಚೋಕೆ ಆಗುವುದಿಲ್ಲ. ಕಾರ್ಡುರಾಯ್ ಬೇಕಾದರೆ ಪ್ಯಾಂಟಿನಲ್ಲಿ ಇರಲಿ. ಬೈಕಿನಲ್ಲಿ ಮೊಣಕಾಲಿಗೆ ಗಾಳಿ ಹೊಡೆಯುವುದು ಕಡಿಮೆಯಾಗುತ್ತದೆ. ರೇಷ್ಮೆ ಸೀರೆಯೂ ಬೆಚ್ಚಗೇ ಇರುತ್ತದೆ. ಮದುವೆ ಮನೆಗೆ ಅಂತ ಎತ್ತಿಟ್ಟ ಸಣ್ಣಂಚಿನ ಮೈಸೂರು ಕ್ರೇಪ್ ಸೀರೆಯನ್ನು ಡಿಸೆಂಬರಿನಲ್ಲಿ ಆಫೀಸಿಗೆ ಉಟ್ಟರೆ ತಪ್ಪೇನಿಲ್ಲ.

ಥರ್ಮಲ್, ಅಂದರೆ ಮೈಗೆ ಅಂಟಿ ಕೂರುವ ಬೆಚ್ಚನೆ ಒಳ ಉಡುಪು, ಬೇಕಾ? ಶಿವಮೊಗ್ಗ, ಭದ್ರಾವತಿಯವರಿಗೆ ಬೇಡ. ಸುಮ್ನೆ ದುಡ್ಡು ದಂಡ. ಆಗುಂಬೆ, ನಗರ, ಹೊಸನಗರದ ಕಡೆಯಿಂದ ನಸುಕಿಗೇ ಬೈಕು ಹತ್ತುವವರು ಬೇಕಿದ್ದರೆ ಮೇಲಿನದೊಂದು ತಗೊಳ್ಳಿ. ಕೆಳಗಿನದು ಹಾಕಿಕೊಂಡರೆ ಮಧ್ಯಾಹ್ನ ಬಿಚ್ಚೋಕೆ ಜಾಗ ಹುಡುಕಬೇಕಾಗುತ್ತದೆ.

ಎಷ್ಟು, ಯಾವ ಬಣ್ಣ

ಐದು ಅಂಗಿ ಅಥವಾ ಕುರ್ತಾ, ಮೂರು ಪ್ಯಾಂಟು, ಮೇಲಿನ ಪದರ ಎರಡು. ಐದು ಮೂರಲ ಹದಿನೈದು, ಎರಡರಿಂದ ಗುಣಿಸಿದರೆ 30 ಥರ. ದಾರಿಗೆ ಒಂದು ವಿಂಡ್‌ಚೀಟರ್. ಅಷ್ಟೇ. ಆದರೆ ಈ ಲೆಕ್ಕ ನಿಲ್ಲುವುದು ಬಣ್ಣ ಹೊಂದಿದರೆ ಮಾತ್ರ. ಪ್ಯಾಂಟು ಮತ್ತು ಮೇಲಿನ ಪದರ ಕಡುನೀಲಿ, ಬೂದು, ಕಂದು ಈ ಮೂರರೊಳಗೇ ಇರಲಿ. ಚೌಕುಳಿ, ಹೂವು, ಕೆಂಪು, ಹಳದಿ ಎಲ್ಲ ಆಸೆ ಒಳಗಿನ ಅಂಗಿಯಲ್ಲಿ ತೀರಿಸಿಕೊಳ್ಳಿ. ಕಾರ್ಡಿಗನ್ ಪೂರ್ತಿ ಕಪ್ಪು ಬೇಡ. ನಮ್ಮ ಕೆಂಪು ಧೂಳು ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಬೂದು, ಕಂದು ಅದನ್ನು ನುಂಗಿಕೊಳ್ಳುತ್ತವೆ.

ಸೀರೆಯವರಿಗೆ ಈ ಗುಣಾಕಾರ ಬೇಕಿಲ್ಲ. ಇರುವ ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡಿ, ಅತಿ ಹೆಚ್ಚು ಅಂಚುಗಳಿಗೆ ಹೊಂದುವ ಒಂದು ಬಣ್ಣ ಯಾವುದು ನೋಡಿ. ಕಾರ್ಡಿಗನ್ನೂ ಶಾಲೂ ಆ ಬಣ್ಣದ್ದೇ ತನ್ನಿ.

ಬೆಲೆಯನ್ನು ದಿನಕ್ಕೆ ಹಂಚಿ ನೋಡುವುದು ಒಳ್ಳೆ ಅಭ್ಯಾಸ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೆಲಸದ ದಿನ ಸುಮಾರು 70. 2,100 ರೂಪಾಯಿಯ ಉಣ್ಣೆ ಕಾರ್ಡಿಗನ್ ದಿನ ಬಿಟ್ಟು ದಿನ ಹಾಕಿ ನಾಲ್ಕು ವರ್ಷ ಬಂದರೆ ಒಂದು ಸಲಕ್ಕೆ 15 ರೂಪಾಯಿ. 700 ರೂಪಾಯಿಯ ಅಕ್ರಿಲಿಕ್ ಒಂದೇ ವರ್ಷಕ್ಕೆ ಉಂಡೆ ಎದ್ದರೆ 20. ಬೇಗ ದಪ್ಪ ಸಣ್ಣ ಆಗುವ ವಯಸ್ಸಿನವರು, ಬೇರೆ ಊರಿಗೆ ವರ್ಗ ಆಗುವವರು ಅಗ್ಗದ್ದನ್ನೇ ತಗೊಂಡರೂ ಸರಿಯೇ.

ಕಾಲು, ಕಿವಿ

ಚಪ್ಪಲಿಯಲ್ಲೇ ಆಫೀಸಿಗೆ ಹೋಗುವವರಿಗೆ ಹಿಮ್ಮಡಿ ಒಡೆಯೋದು ತಪ್ಪಿದ್ದಲ್ಲ. ಹೆಬ್ಬೆರಳು ಬೇರೆ ಇರುವ ಹತ್ತಿ ಸಾಕ್ಸ್ ಸಿಗುತ್ತದೆ, ಮೈಬಣ್ಣಕ್ಕೆ ಹತ್ತಿರದ್ದು ತಗೊಂಡರೆ ಸೀರೆಯ ಕೆಳಗೆ ಗೊತ್ತೂ ಆಗುವುದಿಲ್ಲ. ಗಂಡಸರಿಗೆ ಬೂಟು ಹೇಗೂ ಇದೆ. ಕಂದು ಬಣ್ಣದ್ದು ಒಂದು ಜೊತೆ ಮೂರೂ ಪ್ಯಾಂಟಿಗೆ ಹೋಗುತ್ತದೆ. ಮಂಕಿ ಕ್ಯಾಪ್ ಮೇಲೆ ಹೆಲ್ಮೆಟ್ ಕೂರುವುದಿಲ್ಲ, ಕೂರಿಸಿದರೂ ಬಿಗಿ. ಕಿವಿಯೂ ಮುಚ್ಚುವ ತೆಳ್ಳನೆ ಹತ್ತಿಯ ಮುಖಗವಸೇ ಸಾಕು.

ಎಲ್ಲಿ ಕೊಳ್ಳೋದು

ಬೈಲುಕುಪ್ಪೆ, ಮುಂಡಗೋಡಿನ ಟಿಬೆಟನ್ನರು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಹಳೆಯ ಕಸುಬು. ಮಾಲು ಹೆಚ್ಚಾಗಿ ಲೂಧಿಯಾನದ್ದು. ಅಲ್ಲಿ ಕೈಯಲ್ಲಿ ಮುಟ್ಟಿ, ಮೈಗೆ ಹಿಡಿದು ನೋಡಬಹುದು. ಬಣ್ಣ, ಅಳತೆ ಬೇಕಾದಷ್ಟು. ಡಿಸೆಂಬರ್ ಮೊದಲ ವಾರದೊಳಗೆ ಹೋದರೆ ಬೂದು, ಕಂದು ಸಿಗುತ್ತದೆ. ಆಮೇಲೆ ಉಳಿಯೋದು ಗುಲಾಬಿ ಮತ್ತು ಗಿಳಿಹಸಿರು. ಗಾಂಧಿ ಬಜಾರಿನ ಅಂಗಡಿಗಳಲ್ಲಿ ಶಾಲು, ತೋಳಿಲ್ಲದ ಸ್ವೆಟರ್ ನೋಡಿ. ರವಿಕೆ ಬಟ್ಟೆ, ಪ್ಯಾಂಟ್ ಪೀಸೂ ಅಲ್ಲೇ ಆಗುತ್ತದೆ. ಆನ್‌ಲೈನ್‌ನಲ್ಲಿ ವಿಂಡ್‌ಚೀಟರ್ ತರಿಸಬಹುದು, ಅಳತೆ ಆಚೀಚೆ ಆದರೂ ನಡೆಯುತ್ತದೆ. ಕಾರ್ಡಿಗನ್ ತರಿಸುವಾಗ ಮಾತ್ರ ಫೋಟೋ ನಂಬಬೇಡಿ. ನೂಲು ಯಾವುದು ಅಂತ ಬರೆದಿರುವುದನ್ನು ಓದಿ. ಬರೆದೇ ಇಲ್ಲದಿದ್ದರೆ ಅಕ್ರಿಲಿಕ್ ಅಂತಲೇ ಲೆಕ್ಕ.

ಮಾರ್ಚಿನಲ್ಲಿ ಮಾಡುವ ಕೆಲಸ

ಬೇರೆ ಊರಿನವರಿಗೆ ಇದು ಅಷ್ಟು ಮುಖ್ಯ ಅಲ್ಲ, ನಮಗೆ ಮುಖ್ಯ. ಉಣ್ಣೆಗೆ ಇಲ್ಲಿ ಇಬ್ಬರು ಶತ್ರುಗಳು, ಮಳೆಗಾಲದ ಬೂಷ್ಟು ಮತ್ತು ನುಸಿ. ನುಸಿಯ ಮರಿ ತಿನ್ನೋದು ಉಣ್ಣೆ, ರೇಷ್ಮೆಯಂಥದ್ದನ್ನು. ಅಕ್ರಿಲಿಕ್ಕಿಗೆ ಅದರ ಕಾಟ ಇಲ್ಲ. ಊಟದ ಕಲೆ, ಬೆವರು ಇದ್ದ ಜಾಗಕ್ಕೇ ಮೊದಲು ಬಾಯಿ ಹಾಕುತ್ತದೆ. ಹಾಗಾಗಿ ಒಗೆಯದೆ ಎತ್ತಿಡಬೇಡಿ.

ಅಂಟುವಾಳದ ಕಾಯಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದ ನೊರೆನೀರು ಉಣ್ಣೆಗೆ, ರೇಷ್ಮೆಗೆ ಎರಡಕ್ಕೂ ಆಗುತ್ತದೆ. ತಣ್ಣೀರಲ್ಲಿ ಅದ್ದಿ ಮೆಲ್ಲಗೆ ಒತ್ತಿ. ಹಿಂಡಬೇಡಿ, ಬಂಡೆಗೆ ಬಡಿಯೋದಂತೂ ಬೇಡವೇ ಬೇಡ. ಒಣ ಟವೆಲಿನಲ್ಲಿ ಸುತ್ತಿ ನೀರು ತೆಗೆದು ಚಾಪೆಯ ಮೇಲೆ ನೆರಳಲ್ಲಿ ಹರಡಿ. ತಂತಿಗೆ ನೇತುಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿಯಲ್ಲೋ ಟ್ರಂಕಿನಲ್ಲೋ ಇಡಿ. ಗೋಡೆಗೆ ತಾಗಿದ ಬೀರುವಿನ ಕೆಳಗಿನ ಅರೆ ಬೇಡ, ಮಳೆಗಾಲದ ತೇವ ಮೊದಲು ಏರುವುದು ಅಲ್ಲಿಗೇ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟು ಒಂದು ಒಳ್ಳೆ ಬಿಸಿಲು ಬಂದ ದಿನ ತೆಗೆದು ಕೊಡವಿ ಮತ್ತೆ ಇಡಿ.

ಡಾಂಬರು ಗುಳಿಗೆ ಹಾಕುವವರು ಅದನ್ನು ಬಟ್ಟೆಗೆ ತಾಗದ ಹಾಗೆ ಕಾಗದದಲ್ಲಿ ಕಟ್ಟಿ ಹಾಕಿ. ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ವಿಷ. ನವೆಂಬರಿನಲ್ಲಿ ಸ್ವೆಟರ್ ತೆಗೆದ ದಿನವೇ ಆಫೀಸಿಗೆ ಹಾಕಿಕೊಂಡು ಹೋಗಬೇಡಿ. ಎರಡು ದಿನ ಜಗಲಿಯಲ್ಲಿ ಗಾಳಿಗೆ ಇಟ್ಟರೆ ಆ ವಾಸನೆ ಹೋಗುತ್ತದೆ, ಪಕ್ಕದ ಟೇಬಲ್ಲಿನವರು ಮೂಗು ಮುಚ್ಚಿಕೊಳ್ಳುವುದೂ ತಪ್ಪುತ್ತದೆ.